ಕೊನೆಯ ಸೆಮಿಸ್ಟರಿನ ಆಚೆಗೆ

ಪ್ರಶ್ನೆ: ಮಾನ್ಯರೇ, ನಾನು ಪದವಿಯ ಅಂತಿಮ ವರ್ಷದಲ್ಲಿದ್ದೇನೆ. ಇನ್ನು ನಾಲ್ಕು ತಿಂಗಳಿಗೆ ಪರೀಕ್ಷೆಗಳು ಮುಗಿಯುತ್ತವೆ. ಶಾಲೆಗೆ ಸೇರಿದ ದಿನದಿಂದ ಇಲ್ಲಿಯವರೆಗೆ ‘ಮುಂದೇನು’ ಎಂದು ನಾನು ಕೇಳಿಕೊಳ್ಳುವ ಅಗತ್ಯವೇ ಬಂದಿರಲಿಲ್ಲ. ಒಂದು ತರಗತಿ ಮುಗಿದರೆ ಇನ್ನೊಂದು ತರಗತಿ ಇದ್ದೇ ಇರುತ್ತಿತ್ತು. ಈಗ ಮೊದಲ ಬಾರಿಗೆ ಮುಂದೆ ಏನೂ ಕಾಣುತ್ತಿಲ್ಲ. ಒಂದು ಸಂಸ್ಥೆಯಲ್ಲಿ ಸಂದರ್ಶನ ಮುಗಿದು ಕೆಲಸಕ್ಕೆ ಕರೆ ಬಂದಿದೆ, ಆದರೆ ಅದು ನಾನು ಓದಿದ ವಿಷಯಕ್ಕೆ ಅಷ್ಟಾಗಿ ಸಂಬಂಧಿಸಿದ್ದಲ್ಲ, ಸಂಬಳವೂ ಸಾಧಾರಣ. ಅಧ್ಯಾಪಕರೊಬ್ಬರು ಸ್ನಾತಕೋತ್ತರ ಪದವಿಗೆ ಸೇರು ಎನ್ನುತ್ತಿದ್ದಾರೆ. ಮನೆಯಲ್ಲಿ ಯಾರೂ ಒತ್ತಾಯಿಸುತ್ತಿಲ್ಲ, ಆದರೂ ‘ಏನು ತೀರ್ಮಾನ ಮಾಡಿದೆ’ ಎಂದು ಅಪ್ಪ ಕೇಳಿದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ. ಗೆಳತಿಯರಲ್ಲಿ ಇಬ್ಬರಿಗೆ ಒಳ್ಳೆಯ ಕೆಲಸ ಸಿಕ್ಕಿದೆ. ಅವರ ಸಂತೋಷದಲ್ಲಿ ಮನಃಪೂರ್ವಕವಾಗಿ ಪಾಲ್ಗೊಳ್ಳಲು ಆಗುತ್ತಿಲ್ಲವಲ್ಲ ಎಂದು ನಾಚಿಕೆಯಾಗುತ್ತದೆ. ನನಗೆ ಯಾವುದರಲ್ಲಿ ಆಸಕ್ತಿ ಎಂಬುದೇ ನನಗೆ ತಿಳಿಯದು. ತಪ್ಪು ದಾರಿ ಹಿಡಿದರೆ ಇಡೀ ಜೀವನ ಹಾಳಾದೀತು ಎಂಬ ಭಯಕ್ಕೆ ರಾತ್ರಿ ಸರಿಯಾಗಿ ನಿದ್ದೆ ಬರುವುದಿಲ್ಲ. ಹೇಗೆ ತೀರ್ಮಾನಿಸಲಿ?

— ಹೆಸರು ಪ್ರಕಟಿಸಬೇಡಿ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಅವನ್ನು ಬಿಡಿಸಿ ನೋಡಿದರೆ ಭಾರ ಎಷ್ಟೋ ಇಳಿಯುತ್ತದೆ. ಒಂದು, ಇಷ್ಟು ವರ್ಷ ಬೇರೆಯವರು ಹಾಕಿಕೊಟ್ಟ ದಾರಿಯಲ್ಲಿ ನಡೆದು ಅಭ್ಯಾಸವಾದವರಿಗೆ ಆ ದಾರಿ ಇದ್ದಕ್ಕಿದ್ದಂತೆ ಮುಗಿದುಹೋಗುವ ಭಯ. ಇನ್ನೊಂದು, ಈಗ ತೆಗೆದುಕೊಳ್ಳುವ ಒಂದೇ ತೀರ್ಮಾನದ ಮೇಲೆ ಇಡೀ ಬದುಕು ನಿಂತಿದೆ ಎಂಬ ಭಯ. ಮೊದಲನೆಯದು ನಿಜವಾದ ಭಯ, ಅದಕ್ಕೆ ಸಿದ್ಧತೆ ಬೇಕು. ಎರಡನೆಯದು ಬಹುಮಟ್ಟಿಗೆ ತಪ್ಪು ಲೆಕ್ಕದಿಂದ ಹುಟ್ಟಿದ್ದು. ಎರಡೂ ಒಟ್ಟಿಗೆ ಬಂದು ರಾತ್ರಿ ಎದೆಯ ಮೇಲೆ ಕುಳಿತಾಗ ಯಾವುದು ಯಾವುದೆಂದು ತಿಳಿಯದೆ ನಿದ್ದೆ ಕೆಡುತ್ತದೆ.

ಎರಡನೆಯದನ್ನೇ ಮೊದಲು ನೋಡೋಣ. ಪದವಿ ಮುಗಿದ ಮೇಲೆ ಹಿಡಿಯುವ ಕೆಲಸ ಮುಖ್ಯವೇ ಅಲ್ಲ ಎಂದು ನಾನು ಸಮಾಧಾನ ಹೇಳುವುದಿಲ್ಲ, ಏಕೆಂದರೆ ಅದು ಸುಳ್ಳು. ಆರಂಭ ಹೇಗಾಯಿತು ಎಂಬುದರ ಪರಿಣಾಮ ಕೆಲವು ವರ್ಷ ಇದ್ದೇ ಇರುತ್ತದೆ. ಆದರೆ ಆ ಪರಿಣಾಮ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದ್ದಾರೆ. ಕೆನಡಾದಲ್ಲಿ ಆರ್ಥಿಕ ಹಿಂಜರಿತದ ವರ್ಷಗಳಲ್ಲಿ ಕಾಲೇಜು ಮುಗಿಸಿ ಹೊರಬಂದವರ ಗಳಿಕೆಯನ್ನು ಫಿಲಿಪ್ ಒರಿಯೋಪೌಲೋಸ್, ಟಿಲ್ ಫಾನ್ ವಾಕ್ಟರ್ ಮತ್ತು ಆಂಡ್ರ್ಯೂ ಹೈಸ್ ಎಂಬ ಮೂವರು ಸಂಶೋಧಕರು ವರ್ಷವರ್ಷವೂ ಹಿಂಬಾಲಿಸಿ, 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೆಟ್ಟ ಕಾಲದಲ್ಲಿ ಹೊರಬಿದ್ದವರ ಗಳಿಕೆ ಆರಂಭದಲ್ಲಿ ಸುಮಾರು ಶೇ. 9ರಷ್ಟು ಕಡಿಮೆ ಇತ್ತು. ಐದು ವರ್ಷಗಳ ಹೊತ್ತಿಗೆ ಆ ಅಂತರ ಅರ್ಧಕ್ಕೆ ಇಳಿಯಿತು, ಹತ್ತು ವರ್ಷಗಳ ಹೊತ್ತಿಗೆ ಅಳಿಸಿಹೋಯಿತು. ಎಲ್ಲರಿಗೂ ಒಂದೇ ವೇಗದಲ್ಲಿ ಅಲ್ಲ. ಕಡಿಮೆ ಅನುಕೂಲವಿದ್ದವರು ಹೆಚ್ಚು ಕಾಲ ಕಷ್ಟಪಟ್ಟರು. ಚೇತರಿಸಿಕೊಂಡವರು ಚೇತರಿಸಿಕೊಂಡದ್ದು ಹೇಗೆ ಎಂಬುದು ನಿಮಗೆ ಇನ್ನೂ ಮುಖ್ಯ: ಮೊದಲು ಸಿಕ್ಕಿದ ಸಾಧಾರಣ ಜಾಗದಲ್ಲಿಯೇ ಉಳಿಯದೆ, ಅಲ್ಲಿ ಕಲಿತದ್ದನ್ನು ಹಿಡಿದುಕೊಂಡು ಮೇಲಿನ ಸಂಸ್ಥೆಗಳಿಗೆ ಹೋದದ್ದರಿಂದ. ಆದ್ದರಿಂದ ನಿಮ್ಮ ಮುಂದಿರುವ ಪ್ರಶ್ನೆ ‘ನನ್ನ ಜೀವನ ಏನಾಗಬೇಕು’ ಎಂಬುದಲ್ಲ. ‘ಮುಂದಿನ ಎರಡು ವರ್ಷ ಎಲ್ಲಿ ಕಳೆದರೆ ಮೂರನೆಯ ವರ್ಷ ನನ್ನ ಕೈಯಲ್ಲಿ ಹೆಚ್ಚು ಕಸುಬು ಇರುತ್ತದೆ’ ಎಂಬುದು. ಈ ಎರಡನೆಯ ಪ್ರಶ್ನೆಗೆ ನಾಲ್ಕು ತಿಂಗಳಲ್ಲಿ ಉತ್ತರ ಹುಡುಕಬಹುದು. ಮೊದಲನೆಯದಕ್ಕೆ ಐವತ್ತು ದಾಟಿದ ನಾನೂ ಉತ್ತರ ಹೇಳಲಾರೆ.

ಆಸಕ್ತಿ ಯಾವುದೆಂದು ತಿಳಿಯದು ಎಂದಿದ್ದೀರಿ. ಅಂತಿಮ ವರ್ಷದ ವಿದ್ಯಾರ್ಥಿಗಳೊಡನೆ ಕುಳಿತು ಮಾತನಾಡುವ ಕೆಲಸವನ್ನು ನಾನು ಹಲವು ವರ್ಷ ಮಾಡಿದ್ದೇನೆ. ಇದೇ ಮಾತನ್ನು, ಇದೇ ಅಪರಾಧಿ ಭಾವದಲ್ಲಿ, ಹೇಳದವರು ಕಡಿಮೆ. ಆಸಕ್ತಿ ಎಂಬುದು ಎಲ್ಲೋ ಒಳಗೆ ಹೂತಿಟ್ಟ ನಿಧಿ, ಸರಿಯಾದ ಜಾಗದಲ್ಲಿ ಅಗೆದರೆ ಸಿಕ್ಕಿಬಿಡುತ್ತದೆ, ಸಿಗದಿದ್ದರೆ ಅಗೆಯುವವರದೇ ತಪ್ಪು ಎಂಬ ನಂಬಿಕೆ ಇದಕ್ಕೆ ಕಾರಣ. ಪಾಲ್ ಒ’ಕೀಫ್, ಕ್ಯಾರಲ್ ಡ್ವೆಕ್ ಮತ್ತು ಗ್ರೆಗರಿ ವಾಲ್ಟನ್ ಎಂಬ ಮನೋವಿಜ್ಞಾನಿಗಳು 2018ರಲ್ಲಿ ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ಆಸಕ್ತಿ ಮೊದಲೇ ಇರುತ್ತದೆ, ಅದನ್ನು ಕಂಡುಹಿಡಿಯಬೇಕಷ್ಟೆ ಎಂದು ನಂಬುವ ವಿದ್ಯಾರ್ಥಿಗಳು ತಮ್ಮದಲ್ಲದ ವಿಷಯಗಳ ಕಡೆಗೆ ಕಡಿಮೆ ಕುತೂಹಲ ತೋರಿಸಿದರು. ಇಷ್ಟವಾದ ವಿಷಯವೇ ಸ್ವಲ್ಪ ಕಠಿಣವಾದ ಕೂಡಲೇ ಅವರ ಇಷ್ಟ ಹೆಚ್ಚಾಗಿ ಕುಸಿಯಿತು. ಆಸಕ್ತಿ ಬೆಳೆಸಿಕೊಳ್ಳುವಂಥದ್ದು ಎಂದು ನಂಬುವವರು ಕಠಿಣ ಭಾಗವನ್ನು ದಾಟಲು ಹೆಚ್ಚು ಸಿದ್ಧರಿದ್ದರು. ನಾನು ಕಂಡ ವಿದ್ಯಾರ್ಥಿಗಳ ವಿಷಯದಲ್ಲಿಯೂ ಇದು ನಿಜ. ಬಹಳ ಜನಕ್ಕೆ ಕೆಲಸದ ಮೇಲೆ ಪ್ರೀತಿ ಹುಟ್ಟಿದ್ದು ಅದರಲ್ಲಿ ಕೈ ಪಳಗಿದ ಮೇಲೆ, ಅದಕ್ಕೆ ಮೊದಲಲ್ಲ. ಪಳಗುವ ಮೊದಲಿನ ಆರೇಳು ತಿಂಗಳು ಯಾವ ಕೆಲಸವೂ ಬೇಸರದ್ದೇ, ಏಕೆಂದರೆ ಆಗ ನಾವು ಪ್ರತಿಯೊಂದಕ್ಕೂ ಇನ್ನೊಬ್ಬರನ್ನು ಕೇಳುತ್ತಿರುತ್ತೇವೆ.

ಹಾಗೆಂದು ಕಣ್ಣು ಮುಚ್ಚಿ ಯಾವುದನ್ನಾದರೂ ಹಿಡಿಯಿರಿ ಎನ್ನುತ್ತಿಲ್ಲ. ಆಸಕ್ತಿಯನ್ನು ಯೋಚಿಸಿ ತಿಳಿಯಲಾಗದು, ಮುಟ್ಟಿ ನೋಡಿ ತಿಳಿಯಬಹುದು. ನಿಮಗಿರುವ ನಾಲ್ಕು ತಿಂಗಳಲ್ಲಿ, ಕುತೂಹಲ ಕೆರಳಿಸುವ ಎರಡು ಕ್ಷೇತ್ರಗಳನ್ನು ಆರಿಸಿಕೊಂಡು ಒಂದೊಂದರಲ್ಲಿಯೂ ಒಂದು ಸಣ್ಣ, ಪೂರ್ತಿಯಾಗುವ ಕೆಲಸವನ್ನು ಮಾಡಿ ನೋಡಿ: ಒಂದು ವರದಿ ಬರೆಯುವುದು, ಒಂದು ಲೆಕ್ಕವನ್ನು ಬಿಡಿಸುವುದು, ಯಾರಿಗಾದರೂ ನಾಲ್ಕು ವಾರ ಪಾಠ ಹೇಳುವುದು, ಎರಡು ವಾರದ ಇಂಟರ್ನ್‌ಶಿಪ್, ಏನಾದರೂ ಸರಿ. ಆಮೇಲೆ ‘ಇದು ನನಗೆ ಇಷ್ಟವಾಯಿತೇ’ ಎಂದು ಕೇಳಿಕೊಳ್ಳಬೇಡಿ. ‘ಇದರ ಯಾವ ಭಾಗ ಮಾಡುವಾಗ ಗಡಿಯಾರ ನೋಡಲಿಲ್ಲ’ ಎಂದು ಕೇಳಿಕೊಳ್ಳಿ. ಮೊದಲನೆಯ ಪ್ರಶ್ನೆಗೆ ಮನಸ್ಸು ಆ ದಿನದ ಆಯಾಸವನ್ನೂ ಅಂಜಿಕೆಯನ್ನೂ ಸೇರಿಸಿ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ನೆನಪು ಉತ್ತರ ಕೊಡುತ್ತದೆ.

ಇನ್ನು ಕೈಯಲ್ಲಿರುವ ಕರೆಯ ವಿಷಯ. ಅದು ಓದಿದ ವಿಷಯಕ್ಕೆ ಸಂಬಂಧಿಸಿಲ್ಲ ಎಂಬುದನ್ನು ದೊಡ್ಡ ದೋಷವೆಂದು ನಾನು ಎಣಿಸುವುದಿಲ್ಲ. ಪದವಿಯಲ್ಲಿ ನೀವು ಕಲಿತದ್ದರಲ್ಲಿ ಪಠ್ಯದ ಪಾಲು ಒಂದಾದರೆ, ಉದ್ದನೆಯ ಬರಹವನ್ನು ಓದಿ ಸಾರ ಹಿಡಿಯುವುದು, ಗಡುವಿಗೆ ಸರಿಯಾಗಿ ಕೆಲಸ ಒಪ್ಪಿಸುವುದು, ತಿಳಿಯದ್ದನ್ನು ತಾನೇ ಹುಡುಕಿಕೊಳ್ಳುವುದು ಇವುಗಳ ಪಾಲು ಇನ್ನೊಂದು. ಈ ಎರಡನೆಯ ಪಾಲು ಎಲ್ಲಿಗೆ ಹೋದರೂ ಜೊತೆಗೆ ಬರುತ್ತದೆ. ನಾನು ನೋಡುವುದು ಬೇರೆ ಸಂಗತಿಗಳನ್ನು. ಅಲ್ಲಿ ಒಂದು ಸಾಮಾನ್ಯ ದಿನ, ಬೆಳಗಿನಿಂದ ಸಂಜೆಯವರೆಗೆ, ನೀವು ನಿಜವಾಗಿ ಏನು ಮಾಡುತ್ತೀರಿ? ಹುದ್ದೆಯ ಹೆಸರು ಇದನ್ನು ಹೇಳುವುದಿಲ್ಲ. ನಿಮ್ಮ ತಪ್ಪನ್ನು ತಿದ್ದುವವರು ಯಾರು, ಅವರಿಗೆ ತಿದ್ದುವ ಪುರುಸೊತ್ತು ಇದೆಯೇ? ಇದೇ ಹುದ್ದೆಗೆ ಎರಡು ವರ್ಷದ ಹಿಂದೆ ಸೇರಿದವರು ಈಗ ಎಲ್ಲಿದ್ದಾರೆ? ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಅವರು ಅದೇ ಮೇಜಿನಲ್ಲಿ ಅದೇ ಕೆಲಸ ಮಾಡುತ್ತಿದ್ದರೆ ಒಂದು ಅರ್ಥ, ಎಲ್ಲರೂ ಆರು ತಿಂಗಳಿಗೇ ಬಿಟ್ಟುಹೋಗಿದ್ದರೆ ಇನ್ನೊಂದು ಅರ್ಥ, ಒಬ್ಬಿಬ್ಬರಾದರೂ ಮೇಲಕ್ಕೆ ಅಥವಾ ಹೊರಗೆ ಒಳ್ಳೆಯ ಕಡೆಗೆ ಹೋಗಿದ್ದರೆ ಮತ್ತೊಂದು ಅರ್ಥ. ಈ ಪ್ರಶ್ನೆಗಳನ್ನು ಸಂಸ್ಥೆಯ ನೇಮಕಾತಿ ವಿಭಾಗಕ್ಕೆ ಕೇಳುವುದರಲ್ಲಿ ಯಾವ ಅವಿನಯವೂ ಇಲ್ಲ. ಅಲ್ಲಿ ಈಗ ಕೆಲಸ ಮಾಡುತ್ತಿರುವ ಒಬ್ಬರನ್ನು ಹುಡುಕಿ ಕೇಳಿದರೆ ಇನ್ನೂ ಒಳ್ಳೆಯದು. ಉತ್ತರ ಕೊಡಲು ಎಷ್ಟು ದಿನ ಕಾಲಾವಕಾಶವಿದೆ, ಸೇರಿದ ಮೇಲೆ ಇಂತಿಷ್ಟು ಕಾಲ ಬಿಡುವಂತಿಲ್ಲ ಎಂಬ ಕರಾರು ಏನಾದರೂ ಇದೆಯೇ ಎಂಬುದನ್ನು ಸಹಿ ಹಾಕುವ ಮೊದಲು ಬರಹದಲ್ಲಿ ಓದಿಕೊಳ್ಳಿ. ಮನೆಯ ಹಣದ ಸ್ಥಿತಿ ಬಿಗಿಯಾಗಿದ್ದರೆ, ತೀರಿಸಬೇಕಾದ ಶಿಕ್ಷಣ ಸಾಲವಿದ್ದರೆ, ಆ ಸಂಗತಿಯೇ ಬಹಳಷ್ಟನ್ನು ತೀರ್ಮಾನಿಸುತ್ತದೆ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಸಂಬಳಕ್ಕಾಗಿ ಹಿಡಿದ ಕೆಲಸದಲ್ಲಿಯೂ ಕಲಿಯುವುದಕ್ಕೆ ಅಡ್ಡಿಯಿಲ್ಲ.

ಸ್ನಾತಕೋತ್ತರ ಪದವಿಯ ಬಗ್ಗೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಾಳೆ ಬೆಳಿಗ್ಗೆ ನಿಮಗೆ ಒಪ್ಪಿಗೆಯಾಗುವ ಕೆಲಸ ಸಿಕ್ಕರೂ ಆ ಓದಿಗೆ ಹೋಗುತ್ತೀರಾ? ಹೌದು ಎಂದಾದರೆ ಹೋಗಿ. ಕಾಲೇಜು ಅಧ್ಯಾಪನ, ಸಂಶೋಧನೆಯಂತಹ ಬಾಗಿಲುಗಳು ಸಾಮಾನ್ಯವಾಗಿ ಆ ಪದವಿ ಇಲ್ಲದೆ ತೆರೆಯುವುದಿಲ್ಲ, ಅಲ್ಲಿಗೇ ಹೋಗಬೇಕೆಂದಿದ್ದರೆ ತಡ ಮಾಡಬೇಕಾಗಿಲ್ಲ. ಇಲ್ಲ ಎಂದಾದರೆ ನೀವು ಓದನ್ನು ಆರಿಸುತ್ತಿಲ್ಲ, ತೀರ್ಮಾನವನ್ನು ಎರಡು ವರ್ಷ ಮುಂದೂಡುತ್ತಿದ್ದೀರಿ, ಮತ್ತು ಎರಡು ವರ್ಷದ ಮೇಲೆ ಇದೇ ಪತ್ರವನ್ನು ಇನ್ನಷ್ಟು ಭಾರವಾದ ಮನಸ್ಸಿನಿಂದ ಬರೆಯಬೇಕಾದೀತು.

ನಿಮ್ಮ ಗೆಳತಿಯರ ಮಾತಿಗೆ ಬರುತ್ತೇನೆ. ನಾಚಿಕೆಪಡಬೇಡಿ, ಒಂದೇ ಬೆಂಚಿನಲ್ಲಿ ಕುಳಿತವರು ತಮ್ಮನ್ನು ಒಬ್ಬರೊಡನೊಬ್ಬರು ಅಳೆದುಕೊಳ್ಳುವುದು ಮನುಷ್ಯ ಸಹಜ. ಆದರೆ ಆ ಅಳತೆ ನಿಮ್ಮ ತೀರ್ಮಾನದೊಳಕ್ಕೆ ಹೊಕ್ಕರೆ ಹಾನಿ ಮಾಡುತ್ತದೆ, ಹೇಗೆಂದು ಹೇಳುತ್ತೇನೆ. ಶೀನಾ ಐಯಂಗಾರ್, ರೇಚಲ್ ವೆಲ್ಸ್ ಮತ್ತು ಬ್ಯಾರಿ ಶ್ವಾರ್ಟ್ಸ್ ಅವರು ಹನ್ನೊಂದು ಕಾಲೇಜುಗಳಲ್ಲಿ ನಿಮ್ಮಂತೆಯೇ ಅಂತಿಮ ವರ್ಷದಲ್ಲಿ ಕೆಲಸ ಹುಡುಕುತ್ತಿದ್ದ ವಿದ್ಯಾರ್ಥಿಗಳನ್ನು ಹಿಂಬಾಲಿಸಿ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇರುವುದರಲ್ಲೆಲ್ಲ ಅತ್ಯುತ್ತಮವಾದದ್ದೇ ಬೇಕು ಎಂದು ಎಲ್ಲವನ್ನೂ ಎಲ್ಲದರೊಡನೆ ಹೋಲಿಸುವವರು ಒಂದು ಗುಂಪು. ತಮಗೆ ಬೇಕಾದದ್ದು ಇಷ್ಟು ಎಂದು ಮೊದಲೇ ನಿಶ್ಚಯಿಸಿ, ಅದು ಸಿಕ್ಕ ಕೂಡಲೇ ಒಪ್ಪಿಕೊಳ್ಳುವವರು ಇನ್ನೊಂದು ಗುಂಪು. ಮೊದಲನೆಯ ಗುಂಪಿನವರಿಗೆ ಆರಂಭದ ಸಂಬಳ ಶೇ. 20ರಷ್ಟು ಹೆಚ್ಚು ಸಿಕ್ಕಿತು. ಆದರೂ ಸಿಕ್ಕ ಕೆಲಸದ ಬಗ್ಗೆ ಕಡಿಮೆ ತೃಪ್ತಿ ಅವರದೇ. ಹುಡುಕಾಟದ ಉದ್ದಕ್ಕೂ ಹೆಚ್ಚು ಆತಂಕ, ಹೆಚ್ಚು ದಣಿವು ಅನುಭವಿಸಿದವರೂ ಅವರೇ. ಸಂಬಳ ಮುಖ್ಯವಲ್ಲ ಎಂದು ನಾನು ಇದರಿಂದ ತೀರ್ಮಾನಿಸುವುದಿಲ್ಲ. ಆ ಹೆಚ್ಚಿನ ಸಂಬಳವನ್ನು ಅವರು ಯಾವ ಬೆಲೆಗೆ ಪಡೆದರು ಎಂಬುದನ್ನು ಗಮನಿಸಬೇಕು: ಬಿಟ್ಟುಬಂದ ಪ್ರತಿಯೊಂದು ಅವಕಾಶವೂ ಅವರ ಮನಸ್ಸಿನಲ್ಲಿ ಜೀವಂತವಾಗಿ ಉಳಿದಿತ್ತು. ಅದಕ್ಕೇ ಹೇಳುತ್ತೇನೆ, ನಿಮ್ಮ ಮಟ್ಟಿಗೆ ‘ಇಷ್ಟಿದ್ದರೆ ಸಾಕು’ ಎನ್ನುವ ಗೆರೆಯನ್ನು ಈ ವಾರವೇ ಒಂದು ಹಾಳೆಯಲ್ಲಿ ಬರೆದಿಡಿ. ಕನಿಷ್ಠ ಎಷ್ಟು ಸಂಬಳ, ಮನೆಯಿಂದ ಎಷ್ಟು ದೂರದವರೆಗೆ, ದಿನಕ್ಕೆ ಎಷ್ಟು ಗಂಟೆ, ಏನು ಕಲಿಯಲೇಬೇಕು ಎಂಬಿಷ್ಟನ್ನು ಗೆಳತಿಯರ ಸುದ್ದಿ ಕಿವಿಗೆ ಬೀಳದ ಹೊತ್ತಿನಲ್ಲಿ ಬರೆಯಿರಿ. ಬಂದ ಕರೆಯನ್ನು ಆ ಹಾಳೆಯೊಡನೆ ಹೋಲಿಸಿ, ಅವರ ಕೆಲಸದೊಡನೆ ಅಲ್ಲ.

ತೀರ್ಮಾನಕ್ಕೆ ಒಂದು ದಿನಾಂಕವನ್ನೂ ಬರೆಯಿರಿ. ಆ ದಿನ ದಾಟಿದ ಮೇಲೆ ಹಿಂದಿರುಗಿ ನೋಡುವುದನ್ನು ಒಂದು ವರ್ಷದ ಮಟ್ಟಿಗೆ ನಿಲ್ಲಿಸಿ. ಈ ಮಾತು ಮೇಲೆ ಹೇಳಿದ್ದಕ್ಕೆ ವಿರುದ್ಧವಾಗಿ ಕಾಣಬಹುದು: ತೀರ್ಮಾನವನ್ನು ಬದಲಾಯಿಸಬಹುದು ಎಂದು ಧೈರ್ಯ ಹೇಳಿ, ಈಗ ಬದಲಾಯಿಸಬೇಡಿ ಎನ್ನುತ್ತಿದ್ದೇನೆ. ಆದರೆ ಎರಡೂ ಬೇಕು. ಡೇನಿಯಲ್ ಗಿಲ್ಬರ್ಟ್ ಮತ್ತು ಜೇನ್ ಎಬರ್ಟ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಛಾಯಾಚಿತ್ರಣ ಕಲಿಯುತ್ತಿದ್ದ ವಿದ್ಯಾರ್ಥಿಗಳಿಗೆ ತಾವು ಮುದ್ರಿಸಿದ ಎರಡು ಚಿತ್ರಗಳಲ್ಲಿ ಒಂದನ್ನು ಇಟ್ಟುಕೊಳ್ಳಲು ಹೇಳಿದರು. ಕೆಲವರಿಗೆ ಬೇಕಾದರೆ ಆಮೇಲೆ ಬದಲಿಸಿಕೊಳ್ಳಬಹುದು ಎಂದರು, ಉಳಿದವರಿಗೆ ಆರಿಸಿದ್ದೇ ಕೊನೆ ಎಂದರು. ಬದಲಿಸಲಾಗದವರೇ ತಮ್ಮ ಚಿತ್ರವನ್ನು ಹೆಚ್ಚು ಮೆಚ್ಚಿಕೊಂಡರು. ಬದಲಿಸುವ ಬಾಗಿಲು ದಿನವೂ ತೆರೆದಿದ್ದರೆ ಮನಸ್ಸು ಇರುವಲ್ಲಿ ನೆಲೆಸುವುದಿಲ್ಲ. ಸೇರಿದ ಕೆಲಸವನ್ನು ದಿನವೂ ತೂಗಿ ನೋಡುವವರು ಅಲ್ಲಿ ಕಲಿಯುವುದೂ ಕಡಿಮೆ. ವರ್ಷಕ್ಕೊಮ್ಮೆ ತೂಗಿ, ಪೂರ್ತಿಯಾಗಿ ತೂಗಿ. ನಡುವೆ ಅನ್ಯಾಯವೋ ಅವಮಾನವೋ ನಡೆದರೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಆಗ ಹೊರಬರುವುದೇ ಸರಿ.

ಬಂದಿರುವ ಈ ಕರೆ ನಿಮ್ಮ ಹಾಳೆಯ ಗೆರೆಯನ್ನು ಮುಟ್ಟುವುದಿಲ್ಲ ಎಂದೇ ಆದರೆ, ಬೇರೆಡೆ ಹುಡುಕುವುದು ಹೇಗೆ? ಹೆಚ್ಚಿನವರು ಜಾಲತಾಣಗಳಲ್ಲಿ ನೂರು ಕಡೆ ರೆಸ್ಯೂಮೆ ಕಳುಹಿಸಿ ಉತ್ತರಕ್ಕೆ ಕಾಯುತ್ತಾರೆ. ಉತ್ತರ ಬಾರದಿದ್ದಾಗ ತಮ್ಮಲ್ಲಿಯೇ ಕೊರತೆಯಿದೆ ಎಂದುಕೊಳ್ಳುತ್ತಾರೆ. ಅರ್ಜಿ ಹಾಕಬೇಡಿ ಎನ್ನುವುದಿಲ್ಲ, ಆದರೆ ಕೆಲಸದ ಸುದ್ದಿ ಮನುಷ್ಯರ ಮೂಲಕ ಹರಿಯುವುದೇ ಹೆಚ್ಚು, ಅದೂ ನೀವು ಊಹಿಸದ ಮನುಷ್ಯರ ಮೂಲಕ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪರಿಚಯದವರ ಮೂಲಕ ಕೆಲಸ ಪಡೆದವರನ್ನು, ಆ ಪರಿಚಯದವರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದ್ದರು. ವಾರಕ್ಕೆ ಎರಡು ಸಲವಾದರೂ ಭೇಟಿಯಾಗುತ್ತಿದ್ದೆವು ಎಂದವರು ಶೇ. 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಎಂದವರು ಶೇ. 55.6, ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತಲೂ ಅಪರೂಪ ಎಂದವರು ಶೇ. 27.8. ಕಾರಣ ಸರಳವಾಗಿದೆ. ಆಪ್ತ ಗೆಳತಿಗೆ ಗೊತ್ತಿರುವುದು ಬಹುಪಾಲು ನಿಮಗೂ ಗೊತ್ತಿರುತ್ತದೆ. ಮುಖಪರಿಚಯದವರು ಬೇರೆ ವಲಯದಲ್ಲಿ ಓಡಾಡುವುದರಿಂದ ಬೇರೆ ಸುದ್ದಿ ತರುತ್ತಾರೆ. 2022ರಲ್ಲಿ ಪ್ರಕಟವಾದ, ಲಿಂಕ್ಡ್‌ಇನ್‌ನ ಸುಮಾರು ಎರಡು ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶವೂ ಇದನ್ನೇ ತುಸು ತಿದ್ದಿ ಹೇಳಿತು: ಅಪರಿಚಿತರೇ ಎನ್ನಬಹುದಾದಷ್ಟು ದೂರದವರೂ ಅಲ್ಲ, ಆಪ್ತರೂ ಅಲ್ಲ, ನಡುವಿನ ಪರಿಚಯದವರೇ ಹೊಸ ಕೆಲಸಕ್ಕೆ ಹೆಚ್ಚು ನೆರವಾದರು.

ನಿಮ್ಮ ಕಾಲೇಜಿನಲ್ಲಿ ಎರಡು ಮೂರು ವರ್ಷ ಮುಂದಿದ್ದು ಈಗ ಕೆಲಸದಲ್ಲಿರುವವರು, ಒಂದು ಸಲ ಕಾರ್ಯಾಗಾರದಲ್ಲಿ ಜೊತೆಗಿದ್ದವರು, ಸಂಬಂಧಿಕರ ಸಹೋದ್ಯೋಗಿಗಳು ನೆನಪಾದರೆ ಅವರಿಗೆ ಬರೆಯಿರಿ. ‘ಕೆಲಸ ಕೊಡಿಸಿ’ ಎಂದು ಕೇಳಿದರೆ ಅವರಿಗೂ ಮುಜುಗರ, ನಿಮಗೂ ಮುಜುಗರ. ‘ನಿಮ್ಮ ಕೆಲಸದಲ್ಲಿ ದಿನ ಹೇಗೆ ಕಳೆಯುತ್ತದೆ, ಅದಕ್ಕೆ ಸೇರುವವರು ಮೊದಲು ಏನು ಕಲಿತಿರಬೇಕು ಎಂದು ಹದಿನೈದು ನಿಮಿಷ ಹೇಳಬಹುದೇ’ ಎಂದು ಕೇಳಿ. ಇಂಥ ಪ್ರಶ್ನೆಗೆ ಹೆಚ್ಚಿನವರು ಸಂತೋಷದಿಂದಲೇ ಉತ್ತರಿಸುತ್ತಾರೆ, ಏಕೆಂದರೆ ತಮ್ಮ ಕೆಲಸದ ಬಗ್ಗೆ ಅವರನ್ನು ಗೌರವದಿಂದ ಕೇಳುವವರು ಕಡಿಮೆ. ಹತ್ತು ಜನರಿಗೆ ಬರೆದರೆ ನಾಲ್ವರು ಉತ್ತರಿಸದೆ ಇರಬಹುದು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಉಳಿದವರೊಡನೆ ಮಾತನಾಡಿ, ಮಾತು ಮುಗಿದ ಮರುದಿನ ನಾಲ್ಕು ಸಾಲು ಕೃತಜ್ಞತೆ ಬರೆಯಿರಿ.

ಈಗ ಮೊದಲನೆಯ ಭಯ, ಹಾಕಿಕೊಟ್ಟ ದಾರಿ ಮುಗಿಯುವ ಭಯ. ಪರೀಕ್ಷೆ ಮುಗಿದ ದಿನಕ್ಕೂ ಕೆಲಸ ಆರಂಭವಾಗುವ ದಿನಕ್ಕೂ ನಡುವೆ ಕೆಲವು ವಾರಗಳೋ ತಿಂಗಳುಗಳೋ ಖಾಲಿ ಬೀಳಬಹುದು. ನಾನು ಪದವಿ ಮುಗಿಸಿದ ವರ್ಷ ಹಾಗೆ ಏಳು ತಿಂಗಳು ಮನೆಯಲ್ಲಿದ್ದೆ. ಓದಬೇಕೆಂದು ಎತ್ತಿಟ್ಟ ಪುಸ್ತಕಗಳೆಲ್ಲ ಹಾಗೆಯೇ ಉಳಿದವು. ಇಷ್ಟು ಪುರುಸೊತ್ತಿದ್ದೂ ಏನೂ ಮಾಡಲಿಲ್ಲವಲ್ಲ ಎಂದು ನನ್ನನ್ನು ನಾನು ಬೈದುಕೊಂಡೆ. ಇದು ನನ್ನ ಸೋಮಾರಿತನವಲ್ಲ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ, ಆಸ್ಟ್ರಿಯಾದ ಮರೀನ್‌ಟಾಲ್ ಎಂಬ ಊರಿನ ಅಧ್ಯಯನವನ್ನು ಓದಿದಾಗ. ಬಟ್ಟೆ ಗಿರಣಿ ಮುಚ್ಚಿ ಇಡೀ ಊರೇ ಕೆಲಸ ಕಳೆದುಕೊಂಡಿದ್ದ ಆ ಜಾಗದಲ್ಲಿ ಮಾರಿ ಯಹೋಡಾ ಮತ್ತು ಅವರ ಸಂಗಡಿಗರು 1931ರಿಂದ ತಿಂಗಳುಗಟ್ಟಲೆ ಜನರ ದಿನಚರಿಯನ್ನು ದಾಖಲಿಸಿ 1933ರಲ್ಲಿ ಪ್ರಕಟಿಸಿದರು. ಪುಸ್ತಕ ಎರವಲಿಗೆ ಶುಲ್ಕವನ್ನೇ ತೆಗೆದುಹಾಕಿದ್ದರೂ, ಎಲ್ಲರಿಗೂ ದಿನವಿಡೀ ಬಿಡುವಿದ್ದರೂ, ಊರಿನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಎರಡು ವರ್ಷಗಳಲ್ಲಿ ಅರ್ಧಕ್ಕೆ ಇಳಿದಿತ್ತು. ಗಂಡಸರು ಬೀದಿಯಲ್ಲಿ ನಡೆಯುವ ವೇಗವೇ ಕುಗ್ಗಿತ್ತು. ಕೆಲಸ ಸಂಬಳದ ಜೊತೆಗೆ ದಿನಕ್ಕೊಂದು ಚೌಕಟ್ಟನ್ನು, ಮನೆಯ ಹೊರಗಿನ ಮುಖಗಳನ್ನು, ತನಗಿಂತ ದೊಡ್ಡ ಉದ್ದೇಶವೊಂದರಲ್ಲಿ ಪಾಲನ್ನು, ಸಮಾಜದಲ್ಲಿ ಒಂದು ಗುರುತನ್ನು ಕೊಡುತ್ತದೆ ಎಂದು ಯಹೋಡಾ ಮುಂದೆ ವಿವರಿಸಿದರು. ಕಾಲೇಜು ಕೂಡ ನಿಮಗೆ ಇದುವರೆಗೆ ಕೊಟ್ಟಿರುವುದು ಇವನ್ನೇ, ಕೇಳದೆಯೇ ಕೊಟ್ಟಿದೆ. ಮುಂದೆ ನಡುವೆ ಖಾಲಿ ಬಿದ್ದರೆ ಇವುಗಳಲ್ಲಿ ಎರಡನ್ನಾದರೂ ನೀವೇ ಕಟ್ಟಿಕೊಳ್ಳಬೇಕು. ಏಳುವ ಹೊತ್ತು ಬದಲಾಗದಿರಲಿ. ವಾರದಲ್ಲಿ ಮೂರು ದಿನವಾದರೂ, ನೀವು ಬರದಿದ್ದರೆ ‘ಏಕೆ ಬರಲಿಲ್ಲ’ ಎಂದು ಕೇಳುವವರಿರುವ ಒಂದು ಕಡೆಗೆ ಹೋಗಿ. ಸ್ವಯಂಸೇವೆ, ಪಾಠ ಹೇಳುವುದು, ಒಂದು ಭಾಷೆಯ ತರಗತಿ, ಯಾವುದಾದರೂ ಆದೀತು. ದಿನಕ್ಕೆ ಎರಡು ಮೂರು ಗಂಟೆಗಿಂತ ಹೆಚ್ಚು ಹೊತ್ತು ಕೆಲಸದ ಹುಡುಕಾಟದಲ್ಲಿ ಕಳೆಯಬೇಡಿ; ಅದರಾಚೆಗೆ ಅದು ಹುಡುಕಾಟವಾಗಿ ಉಳಿಯುವುದಿಲ್ಲ, ಪರದೆಯ ಮುಂದಿನ ಚಿಂತೆಯಾಗುತ್ತದೆ.

ಅಪ್ಪನ ಪ್ರಶ್ನೆಗೆ ಎದೆ ಹೊಡೆದುಕೊಳ್ಳುವುದು ಉತ್ತರವಿಲ್ಲದ್ದರಿಂದ. ಅವರು ಕೇಳುವವರೆಗೆ ಕಾಯಬೇಡಿ. ಅವರ ಬಳಿ ನೀವೇ ಕುಳಿತು, ‘ಅಪ್ಪಾ, ಇನ್ನೂ ತೀರ್ಮಾನ ಆಗಿಲ್ಲ, ಇಂಥ ತಾರೀಕಿನೊಳಗೆ ಹೇಳುತ್ತೇನೆ, ಅಲ್ಲಿಯವರೆಗೆ ಇವಿಷ್ಟನ್ನು ವಿಚಾರಿಸುತ್ತಿದ್ದೇನೆ’ ಎಂದು ನಿಮ್ಮ ಹಾಳೆಯನ್ನು ತೋರಿಸಿ. ಹೆತ್ತವರ ಆತಂಕ ಬಹಳ ಸಲ ಮಕ್ಕಳ ತೀರ್ಮಾನದ ಬಗ್ಗೆ ಇರುವುದಿಲ್ಲ, ಮಕ್ಕಳು ಏನೂ ಮಾಡದೆ ಒಳಗೊಳಗೇ ಕೊರಗುತ್ತಿದ್ದಾರೇನೋ ಎಂಬುದರ ಬಗ್ಗೆ ಇರುತ್ತದೆ. ಅವರು ತಮ್ಮ ಮೊದಲ ಕೆಲಸ ಹೇಗೆ ಹಿಡಿದರು ಎಂದೂ ಕೇಳಿ. ಅದು ಯೋಜನೆಯಂತೆ ನಡೆದಿತ್ತೇ ಎಂಬ ಪ್ರಶ್ನೆಗೆ ಅವರ ಉತ್ತರ ನಿಮಗೆ ನನ್ನ ಇಡೀ ಪತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ನಿದ್ದೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವುದು ಬೇಡ. ತೀರ್ಮಾನದ ದಿನಾಂಕ, ಹಾಳೆ ಇವೆಲ್ಲ ಬರೆದಿಟ್ಟ ಮೇಲೆ ಕೆಲವು ದಿನಗಳಲ್ಲಿ ನಿದ್ದೆ ಸುಧಾರಿಸಿದರೆ ಸರಿ. ಅದರ ಬದಲು ನಿದ್ದೆ ಮತ್ತು ಹಸಿವು ಕೆಟ್ಟು, ಮೊದಲು ಇಷ್ಟವಿದ್ದ ಯಾವುದರಲ್ಲಿಯೂ ಮನಸ್ಸು ನಿಲ್ಲದೆ ಎರಡು ವಾರ ಕಳೆದರೆ ಇದು ಬರೀ ವೃತ್ತಿಯ ಚಿಂತೆಯಲ್ಲ, ವೈದ್ಯರನ್ನು ಅಥವಾ ಕಾಲೇಜಿನ ಆಪ್ತಸಮಾಲೋಚಕರನ್ನು ಕಾಣಬೇಕು. ಬದುಕೇ ಬೇಡ ಎಂಬ ಯೋಚನೆ ಒಂದು ಸಲ ಸುಳಿದರೂ ಎರಡು ವಾರ ಕಾಯಬೇಡಿ. ಅದೇ ದಿನ ಮನೆಯಲ್ಲಿ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ.

ಪ್ರಶ್ನೆ: ಪದವಿ ಮುಗಿಸಿ ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿ ಐದು ತಿಂಗಳಾಯಿತು. ಕೆಲಸ ಚೆನ್ನಾಗಿದೆ, ಸಂಬಳಕ್ಕೂ ಕೊರತೆಯಿಲ್ಲ. ಆದರೆ ಸಂಜೆ ಕೋಣೆಗೆ ಬಂದರೆ ಮಾತನಾಡಲು ಒಬ್ಬರೂ ಇಲ್ಲ. ಕಾಲೇಜಿನಲ್ಲಿ ಅಷ್ಟು ಸ್ನೇಹಿತರಿದ್ದ ನಾನು ಇಲ್ಲಿ ಒಬ್ಬರನ್ನೂ ಸಂಪಾದಿಸಲಾಗಲಿಲ್ಲ ಎಂದರೆ ನನ್ನಲ್ಲೇ ಏನೋ ದೋಷವಿದೆ ಅನಿಸುತ್ತದೆ.

— ಓದುಗ

ಉತ್ತರ: ದೋಷ ನಿಮ್ಮಲ್ಲಿಲ್ಲ, ಗಂಟೆಗಳ ಲೆಕ್ಕದಲ್ಲಿದೆ. ಜೆಫ್ರಿ ಹಾಲ್ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪರಿಚಯ ಸಾಧಾರಣ ಸ್ನೇಹವಾಗಲು ಇಬ್ಬರೂ ಒಟ್ಟಿಗೆ ಸುಮಾರು 50 ಗಂಟೆ ಕಳೆಯಬೇಕಾಗುತ್ತದೆ, ಆಪ್ತ ಸ್ನೇಹವಾಗಲು 200 ಗಂಟೆಗಿಂತ ಹೆಚ್ಚು. ಸಹೋದ್ಯೋಗಿಗಳಾಗಿ ಪಕ್ಕಪಕ್ಕದಲ್ಲಿ ಕೆಲಸ ಮಾಡಿದ ಗಂಟೆಗಳು ಈ ಲೆಕ್ಕಕ್ಕೆ ಅಷ್ಟಾಗಿ ಬರುವುದಿಲ್ಲ. ಬಿಡುವಿನಲ್ಲಿ, ಬೇಕೆಂದೇ ಜೊತೆಗೆ ಕಳೆದ ಹೊತ್ತು ಬರುತ್ತದೆ. ಕಾಲೇಜಿನಲ್ಲಿ ತರಗತಿ, ಹಾಸ್ಟೆಲು, ಪರೀಕ್ಷೆಯ ಹಿಂದಿನ ರಾತ್ರಿಗಳು ಸೇರಿ 200 ಗಂಟೆ ಒಂದೇ ಸೆಮಿಸ್ಟರಿನಲ್ಲಿ ತಾನಾಗಿ ತುಂಬುತ್ತಿತ್ತು. ಈಗ ವಾರಕ್ಕೆ ಎರಡು ಗಂಟೆ ಸಿಕ್ಕರೂ 50 ಗಂಟೆ ತುಂಬಲು ಆರು ತಿಂಗಳು ಬೇಕು. ನಿಮಗೆ ಆಗಿರುವುದು ಐದೇ ತಿಂಗಳು, ಆ ಎರಡು ಗಂಟೆಯೂ ಸಿಕ್ಕಂತೆ ಕಾಣುವುದಿಲ್ಲ.

ಆದ್ದರಿಂದ ಹೊಸಬರನ್ನು ಒಬ್ಬೊಬ್ಬರಾಗಿ ಮೆಚ್ಚಿಸಲು ಹೊರಡುವುದಕ್ಕಿಂತ, ಅದೇ ಜನ ವಾರವಾರವೂ ಸೇರುವ ಒಂದು ಕಡೆಯನ್ನು ಹುಡುಕಿ ಅಲ್ಲಿಗೆ ತಪ್ಪದೆ ಹೋಗಿ: ಆಟ, ಹಾಡು, ನಡಿಗೆ, ಓದು, ನಿಮಗೆ ಒಗ್ಗುವ ಯಾವುದೇ ಗುಂಪು. ಮೊದಲ ನಾಲ್ಕು ವಾರ ಮೂಲೆಯಲ್ಲಿ ಕುಳಿತು ಬರುವಂತೆ ಆದೀತು, ಅಷ್ಟಕ್ಕೆ ಬಿಡಬೇಡಿ. ಕಚೇರಿಯಲ್ಲಿ ನಿಮ್ಮೊಡನೆ ಸೇರಿದ ಇನ್ನೊಬ್ಬ ಹೊಸಬರಿದ್ದರೆ ಅವರೂ ಇಂದು ಸಂಜೆ ಇದೇ ಯೋಚನೆಯಲ್ಲಿ ಇನ್ನೊಂದು ಕೋಣೆಯಲ್ಲಿ ಕುಳಿತಿರಬಹುದು, ಕೇಳಿ ನೋಡಿ. ಹಳೆಯ ಸ್ನೇಹಿತರೊಡನೆ ‘ಯಾವಾಗಲಾದರೂ ಮಾತನಾಡೋಣ’ ಎಂದು ಬಿಟ್ಟರೆ ಆ ಯಾವಾಗಲೋ ಬರುವುದೇ ಇಲ್ಲ. ಅವರಲ್ಲಿ ಇಬ್ಬರಿಗೆ ಇವತ್ತೇ ಫೋನ್ ಮಾಡಿ, ವಾರದ ಯಾವ ದಿನ, ಎಷ್ಟು ಗಂಟೆಗೆ ಎಂದು ನಿಶ್ಚಯಿಸಿಕೊಳ್ಳಿ.